ಹಿತ್ತಲ ಮರದ ಬುಡದಲ್ಲಿ ಬಿದ್ದ ಪುಡಿ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಇಂದಿನ ವಿಷಯವನ್ನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ನಕ್ಕುಬಿಟ್ಟರು. "ಉರ್ದು, ಕನ್ನಡ ಕಲಿಸುವವರು ನೀವು. ಮರ ಕೊರೆಯುವ ಹುಳುವಿನ ಬಗ್ಗೆ ಮಾತನಾಡಲು ವಿಜ್ಞಾನದ ಮೇಷ್ಟ್ರು ಇಲ್ಲವೇ?" ಎಂದರು. ಇದ್ದಾರೆ. ಅವರು ಈ ಸಭೆಯಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ನಾನು ತಪ್ಪು ಹೇಳಿದರೆ ತಿದ್ದುತ್ತಾರೆ. ಆದರೆ ಈ ಹುಳುವಿನಿಂದ ಮರ ಕಳೆದುಕೊಂಡದ್ದು ನಾನು. ಅದೂ ಅಲ್ಲದೆ ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಭಾಷೆಯ ತರಗತಿಯಲ್ಲಿಯೇ.

ಎಂಟನೆಯ ತರಗತಿಗೆ ಒಂದು ದಿನ ಉರ್ದು ಗಾದೆಗಳನ್ನು ಹೇಳಿಕೊಡುತ್ತಿದ್ದೆ. ಗೋಧಿಯ ಜೊತೆ ಘುನ್ ಕೂಡ ಬೀಸಿಹೋಗುತ್ತದೆ ಎಂಬ ಗಾದೆ ನಿಮಗೆಲ್ಲ ಗೊತ್ತು. ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಘುನ್ ಅಂದರೆ ಕನ್ನಡದಲ್ಲಿ ಏನು?" ಎಂದು ಕೇಳಿದಳು. ಹುಳ ಎಂದೆ. "ದೀಮಕ್ ಅಂದರೆ?" ಅದೂ ಹುಳ ಎಂದೆ. "ಹಾಗಾದರೆ ಎರಡೂ ಒಂದೇನಾ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಕುಳಿತು ಯೋಚಿಸಿದೆ. ಕಾಳಿನಲ್ಲಿ ಬೀಳುವುದಕ್ಕೆ ಕನ್ನಡದಲ್ಲಿ ನುಸಿ ಎನ್ನುತ್ತೇವೆ. ದೀಮಕ್ ಎಂದರೆ ಗೆದ್ದಲು, ಹಳಬರು ಒರಲೆ ಎನ್ನುವುದೂ ಉಂಟು. ಕಟ್ಟಿಗೆಯೊಳಗೆ ಕುಳಿತು ಪುಡಿ ಉದುರಿಸುವುದಕ್ಕೆ ಕುಟ್ಟೆ ಎಂಬ ಮಾತಿದೆ. ನಮ್ಮ ಹಿರಿಯರು ಬೇರೆ ಬೇರೆ ಹುಳುಗಳಿಗೆ ಬೇರೆ ಬೇರೆ ಹೆಸರಿಟ್ಟಿದ್ದರು. ನಾವು ಮಾತ್ರ ಮನೆಯಲ್ಲಿ ಎಲ್ಲದಕ್ಕೂ "ಕೀಡಾ ಲಗಾ" ಎನ್ನುತ್ತೇವೆ, ಬೀದಿಯಲ್ಲಿ "ಹುಳ ಹತ್ತೈತಿ" ಎನ್ನುತ್ತೇವೆ. ಯಾವ ಹುಳ ಎಂದು ಕೇಳುವವರೇ ಇಲ್ಲ. ನಾನೂ ಕೇಳಲಿಲ್ಲ. ಕೇಳದೆ ಇದ್ದುದರ ಕಥೆಯನ್ನೇ ಈಗ ಹೇಳಬೇಕಾಗಿದೆ.

ನಮ್ಮ ಮನೆಯ ಹಿತ್ತಲಲ್ಲಿ ಒಂದು ಆಪೂಸು ಮಾವಿನ ಮರವಿತ್ತು. ಧಾರವಾಡದ ಕಡೆಯ ನಮಗೆ ಆಪೂಸು ಎಂದರೆ ಎಷ್ಟು ಅಕ್ಕರೆ ಎಂದು ಬೇರೆ ಹೇಳಬೇಕಾಗಿಲ್ಲ. ಮನೆ ಕಟ್ಟಿಸಿದ ವರ್ಷವೇ ಅಬ್ಬಾ ಕಸಿ ಸಸಿ ತಂದು ನೆಟ್ಟಿದ್ದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಮರ. ಹಣ್ಣು ಇಳಿಸಿದ ದಿನ ಅಬ್ಬಾ ಮೊದಲು ಅಕ್ಕಪಕ್ಕದ ಮನೆಗಳಿಗೆ, ಆಮೇಲೆ ಮದ್ರಸಾದ ಮಕ್ಕಳಿಗೆ ಕಳುಹಿಸಿ, ಉಳಿದದ್ದನ್ನು ಹುಲ್ಲಿನಲ್ಲಿ ಹಣ್ಣಿಗೆ ಹಾಕುತ್ತಿದ್ದರು. ಮೇ ತಿಂಗಳ ಕೊನೆಗೆ, ಮಳೆ ಬೀಳುವ ಮುಂಚೆ, ಮರದ ಬುಡ ಕೆರೆದು ಬಿಳಿ ಮಿಶ್ರಿತ ನೀಲಿ ಬಣ್ಣದ ಏನನ್ನೋ ಬಳಿಯುತ್ತಿದ್ದರು. ಅದು ಅಂದಕ್ಕಾಗಿ ಎಂದು ನಾವು ತಿಳಿದಿದ್ದೆವು. 2021ರಲ್ಲಿ ಅಬ್ಬಾ ತೀರಿಕೊಂಡರು. ಮರ ನಮ್ಮ ಕೈಗೆ ಬಂತು. ಬುಡ ಕೆರೆಯುವುದು, ಬಳಿಯುವುದು ನಿಂತಿತು.

2022ರ ಜುಲೈ 10ರಂದು ಬಕ್ರೀದ್. ಹತ್ತು ದಿನ ಮೊದಲೇ ತಂದ ಹೋತವನ್ನು ನಾನೇ ಮಾವಿನ ಬುಡಕ್ಕೆ ಕಟ್ಟಿದೆ. ಅದು ಸುಮ್ಮನಿರುವ ಪ್ರಾಣಿಯೇ? ಹಗ್ಗ ಉಜ್ಜಿ ಉಜ್ಜಿ ಒಂದು ಕಡೆ ತೊಗಟೆ ಸುಲಿಯಿತು. ಇನ್ನೊಂದು ಕಡೆ ಹೋತವೇ ಕಡಿದು ತಿಂದಿತ್ತು. ಮರ ದೊಡ್ಡದು, ಇದರಿಂದ ಏನಾದೀತು ಎಂದುಕೊಂಡೆ. ಆ ವರ್ಷ ಅಕ್ಟೋಬರ್ ಹೊತ್ತಿಗೆ ಬುಡದಲ್ಲಿ ಬಡಗಿಯ ಅಂಗಳದ ಹೊಟ್ಟಿನಂಥ ಪುಡಿ ಬೀಳತೊಡಗಿತು. ಅಮ್ಮಿ ದಿನಾ ಬೆಳಿಗ್ಗೆ ಗುಡಿಸುತ್ತಿದ್ದರು. ಇರುವೆಗಳ ಕೆಲಸ ಇರಬೇಕು ಎಂದು ನಾನು ಹೇಳಿದೆ. ಓದಿದವರು ಹೇಳಿದ್ದಾರೆಂದು ಅವರು ನಂಬಿದರು.

2023ರ ಏಪ್ರಿಲಿನಲ್ಲಿ ರಸ್ತೆಯ ಕಡೆಯ ದೊಡ್ಡ ಕೊಂಬೆಯ ಎಲೆಗಳು ಹಳದಿಯಾದವು. ಕಾಯಿ ಗೋಲಿಯ ಗಾತ್ರದಲ್ಲಿಯೇ ಮುರುಟಿ ಉದುರಿತು. ನೀರು ಕಡಿಮೆಯಾಗಿದೆ ಎಂದು ನೀರು ಹಾಕಿಸಿದೆ, ಎರಡು ಬುಟ್ಟಿ ಗೊಬ್ಬರ ಹಾಕಿಸಿದೆ. ಜುಲೈ ತಿಂಗಳ ಒಂದು ರಾತ್ರಿ ಗಾಳಿಗೆ ಆ ಕೊಂಬೆ ಮುರಿದು ಅಡುಗೆಮನೆಯ ತಗಡಿನ ಮೇಲೆ ಬಿತ್ತು. ಅಲ್ಲಾಹನ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ನೋಡಿದರೆ ಮುರಿದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ಅಗಲದ ಸುರಂಗಗಳು. ಒಂದರಲ್ಲಿ ನನ್ನ ನಡುಬೆರಳಿಗಿಂತ ಉದ್ದವಾದ, ಬೆಣ್ಣೆಯ ಬಣ್ಣದ, ಕಾಲೇ ಇಲ್ಲದ ಹುಳು ಹೊರಳಾಡುತ್ತಿತ್ತು. ಬಡಿಗೇರರನ್ನು ಕರೆಸಿದೆವು. ಅವರು ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿದರು. ಅರ್ಧ ಸುತ್ತು ಡೋಲಿನಂತೆ ಸದ್ದು ಬಂತು. ಉಳಿಸುವುದಕ್ಕೆ ಆಗುವುದಿಲ್ಲ ಎಂದರು. ಮರ ಕಡಿಸಿದ ದಿನ ಕಾಂಡದಿಂದ ಹನ್ನೊಂದು ಹುಳು ಸಿಕ್ಕವು.

ಸೂರಃ ಸಬಾದಲ್ಲಿ ಬರುವ ಹಜ್ರತ್ ಸುಲೈಮಾನ್ ಅಲೈಹಿಸ್ಸಲಾಮರ ಪ್ರಸಂಗ ಮಕ್ಕಳಿಗೂ ತಿಳಿದಿದೆ. ಅವರು ಕೋಲಿಗೆ ಒರಗಿ ನಿಂತಲ್ಲಿಯೇ ವಫಾತ್ ಆದರು. ಎದುರಿನಲ್ಲಿ ದುಡಿಯುತ್ತಿದ್ದ ಜಿನ್ನ್‌ಗಳಿಗೆ ಅದು ತಿಳಿಯಲಿಲ್ಲ. ನೆಲದ ಒಂದು ಪುಟ್ಟ ಜೀವಿ ಕೋಲನ್ನು ತಿಂದು ಹಾಕಿ, ಅವರ ದೇಹ ಕೆಳಗೆ ಬಿದ್ದ ಮೇಲೆಯೇ ತಿಳಿದದ್ದು. ಆ ಜೀವಿ ಗೆದ್ದಲು ಎಂದು ಸಾಮಾನ್ಯವಾಗಿ ವ್ಯಾಖ್ಯಾನಕಾರರು ಹೇಳುತ್ತಾರೆ. ಆ ಪ್ರಸಂಗವನ್ನು ನಾನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೇನೆ. ನನ್ನ ಹಿತ್ತಲಲ್ಲಿ ಒಂದು ವರ್ಷ ಪುಡಿ ಬಿದ್ದಾಗ ಮಾತ್ರ ನೆನಪಾಗಲಿಲ್ಲ.

ಇನ್ನು ಈ ಹುಳು ಯಾವುದು ಎಂದು ಹೇಳುತ್ತೇನೆ. ಆ ವರ್ಷ ಒಂದು ಬಾಟಲಿಯಲ್ಲಿ ಹುಳುವನ್ನು ಹಾಕಿಕೊಂಡು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿ ತೋರಿಸಿ ಕೇಳಿ ಬಂದೆ. ಅದು ಮಾವಿನ ಕಾಂಡಕೊರಕ. ಶಾಸ್ತ್ರೀಯ ಹೆಸರು ಬ್ಯಾಟೊಸೆರಾ ರೂಫೊಮ್ಯಾಕ್ಯುಲೇಟಾ. ಹೆಸರು ಉದ್ದವಾದರೂ ಬರೆದುಕೊಳ್ಳಿ ಮಕ್ಕಳೇ. ಮಾವು ಮಾತ್ರವಲ್ಲ, ಹಲಸು, ಅಂಜೂರ, ಹಿಪ್ಪುನೇರಳೆಗಳಿಗೂ ಇದು ಬೀಳುತ್ತದೆ. ನಾವು ಕಂಡ ಬಿಳಿ ಹುಳು ಅದರ ಮರಿ. ದೊಡ್ಡದಾದ ಮೇಲೆ ಅದು ಎರಡು ಅಂಗುಲದ ಬೂದುಬಣ್ಣದ ದುಂಬಿ, ಬೆನ್ನಿನ ಮೇಲೆ ಕೆಂಪು-ಕಿತ್ತಳೆ ಚುಕ್ಕೆಗಳು, ಮೈಗಿಂತ ಉದ್ದವಾದ ಮೀಸೆಗಳು. ಹಿಡಿದರೆ ಕಿರ್ ಕಿರ್ ಎಂದು ಸದ್ದು ಮಾಡುತ್ತದೆ. ಮುಂಗಾರು ಮಳೆ ಶುರುವಾಗುವ ಹೊತ್ತಿಗೆ ಈ ದುಂಬಿಗಳು ಮರದಿಂದ ಹೊರಬರುತ್ತವೆ. ಹೆಣ್ಣು ದುಂಬಿ ತೊಗಟೆಯನ್ನು ಬಾಯಿಂದ ಸೀಳಿ, ಇಲ್ಲವೇ ಗಾಯವಾದ ಜಾಗವನ್ನು ಹುಡುಕಿ, ಮೊಟ್ಟೆ ಇಡುತ್ತದೆ. ಒಂದೆರಡು ವಾರದಲ್ಲಿ ಮರಿ ಒಡೆದು ಮೊದಲು ತೊಗಟೆಯ ಕೆಳಗೆ ತಿನ್ನುತ್ತದೆ, ಆಮೇಲೆ ಕಟ್ಟಿಗೆಯೊಳಗೆ ನುಗ್ಗುತ್ತದೆ. ತಿಂಗಳುಗಟ್ಟಲೆ ಒಳಗೇ ಇದ್ದು, ಒಳಗೇ ಕೋಶವಾಗಿ, ಮತ್ತೆ ಮಳೆಗಾಲಕ್ಕೆ ದುಂಬಿಯಾಗಿ ಹೊರಬೀಳುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಪೀಳಿಗೆ. ನಾನು ಹೋತ ಕಟ್ಟಿ ಗಾಯ ಮಾಡಿದ್ದು ಸರಿಯಾಗಿ ಅದು ಮೊಟ್ಟೆ ಇಡುವ ಹಂಗಾಮಿನಲ್ಲಿ!

ಎಲೆ ಹಳದಿಯಾಗುವುದಕ್ಕೂ ಬುಡದ ಹುಳುವಿಗೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಮರದ ಜೀವ ಇರುವುದು ನಡುವಿನ ಗಟ್ಟಿ ಕಟ್ಟಿಗೆಯಲ್ಲಲ್ಲ, ತೊಗಟೆಯ ಅಡಿಯಲ್ಲಿರುವ ತೆಳುವಾದ ಪದರದಲ್ಲಿ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ, ಬೇರಿನ ನೀರು ಏರುವುದು ಅದರ ಒಳಬದಿಯ ಹಸಿ ಕಟ್ಟಿಗೆಯ ಮೂಲಕ. ಹುಳು ಈ ಎರಡನ್ನೂ ಕತ್ತರಿಸುತ್ತದೆ. ಎಲೆ ಬಾಡುವ ಹೊತ್ತಿಗೆ ಅದು ಒಳಗೆ ಬಹಳ ಕಾಲ ಕಳೆದಿರುತ್ತದೆ. ಆದ್ದರಿಂದ ಮೇಲೆ ನೋಡಿ ಕಾಯಬೇಡಿ, ಬುಡ ನೋಡಿ.

ಬುಡದಲ್ಲಿ ಏನು ನೋಡಬೇಕು? ಮರದ ಮೇಲೆ ಮಣ್ಣಿನ ಹೆಪ್ಪಿನಂಥ ಗೆರೆಗಳು ಏರಿದ್ದರೆ ಅದು ಗೆದ್ದಲು. ಅದು ಹೆಚ್ಚಾಗಿ ಒಣ ತೊಗಟೆ ತಿನ್ನುತ್ತದೆ. ಕೆರೆದು ತೆಗೆಯಿರಿ, ಬುಡದಲ್ಲಿ ಒಣ ಕಟ್ಟಿಗೆ ಕೂಡಿಡಬೇಡಿ, ಸಾಕು. ಮಣ್ಣಿಲ್ಲದೆ ಹೊಟ್ಟಿನಂಥ, ನಾರು ನಾರಾದ ಪುಡಿ ಕಾಂಡದ ತೂತಿನಿಂದ ಉದುರಿದ್ದರೆ, ಜೊತೆಗೆ ಕಂದು ರಸ ಸೋರಿದ್ದರೆ, ಅದು ಕಾಂಡಕೊರಕ. ಇನ್ನು ಪೇರಲ ಗಿಡದಲ್ಲಿ ಕೊಂಬೆ ಕವಲೊಡೆಯುವ ಸಂದಿಯಿಂದ ಹೊರಟು, ಹಿಕ್ಕೆ ಮತ್ತು ರೇಷ್ಮೆ ಎಳೆ ಸೇರಿದ ಕಂದು ಪಟ್ಟಿಯೊಂದು ತೊಗಟೆಯ ಮೇಲೆ ಹಾವಿನಂತೆ ಹರಿದಿದ್ದರೆ ಅದು ತೊಗಟೆ ತಿನ್ನುವ ಹುಳು. ಹಗಲು ಸಂದಿಯ ತೂತಿನಲ್ಲಿ ಅಡಗಿರುತ್ತದೆ, ರಾತ್ರಿ ಆ ಪಟ್ಟಿಯ ಮರೆಯಲ್ಲಿ ಬಂದು ತೊಗಟೆ ತಿನ್ನುತ್ತದೆ. ಅದರ ತೂತು ಬಹಳ ಆಳವಿಲ್ಲ, ಒಂದು ಗೇಣು ಇದ್ದೀತು. ಪಟ್ಟಿಯನ್ನು ಕಿತ್ತು, ತೂತಿಗೆ ತಂತಿ ಹಾಕಿ ತಿವಿದರೆ ಮುಗಿಯಿತು. ಮೂರಕ್ಕೂ ನಾವು "ಕೀಡಾ" ಎಂದೇ ಅಂಗಡಿಯಲ್ಲಿ ಹೇಳುತ್ತೇವೆ, ಅಂಗಡಿಯವರು ಮೂರಕ್ಕೂ ಒಂದೇ ಡಬ್ಬಿ ಕೊಡುತ್ತಾರೆ.

ಇಷ್ಟು ಹೇಳಿ ನನ್ನ ಎರಡನೆಯ ತಪ್ಪಿಗೆ ಬರುತ್ತೇನೆ. ಮೊದಲನೆಯದಕ್ಕಿಂತ ಇದು ದೊಡ್ಡದು. ಮರ ಕಡಿಸಿದೆವಲ್ಲ, ತುಂಡುಗಳನ್ನು ಉರುವಲಿಗಾಗಲಿ ಎಂದು ಹಿಂದಿನ ಗೋಡೆಗೆ ಒಟ್ಟಿದೆವು. ಗೋಡೆಯ ಆಚೆ ಒಬ್ಬ ಖಾಲಾ ಇದ್ದಾರೆ. ರಕ್ತಸಂಬಂಧಿಯಲ್ಲ, ಆದರೆ ನಾನು ಹುಟ್ಟಿದಾಗಿನಿಂದ ಖಾಲಾ. ಗಂಡ ಇಲ್ಲ. ಹೊಲಿಗೆ ಯಂತ್ರ ಒಂದು, ಹಿತ್ತಲಲ್ಲಿ ಮಾವಿನ ಮರ ಒಂದು. ಆ ಮರದ ಹಣ್ಣು ಮಾರಿದ ಹಣದಲ್ಲಿಯೇ ಜೂನ್ ತಿಂಗಳಲ್ಲಿ ಮೊಮ್ಮಕ್ಕಳ ಪುಸ್ತಕ, ಸಮವಸ್ತ್ರ ಎಲ್ಲ ಆಗಬೇಕು. 2024ರ ಜೂನ್ 17ರ ಬಕ್ರೀದಿನ ಆಸುಪಾಸಿನಲ್ಲಿ ನಮ್ಮ ಹಿಂಬಾಗಿಲ ದೀಪಕ್ಕೆ ಎರಡು ದೊಡ್ಡ ದುಂಬಿಗಳು ಬಂದು ಬಡಿದವು. ಉದ್ದ ಮೀಸೆ, ಕಿತ್ತಳೆ ಚುಕ್ಕೆ. ಕಟ್ಟಿಗೆಯ ಒಟ್ಟಲನ್ನು ಹೋಗಿ ನೋಡಿದೆ. ತುಂಡುಗಳಲ್ಲಿ ಬೆರಳು ತೂರುವ ಹೊಸ ದುಂಡು ತೂತುಗಳು. ಕಡಿದ ಮರದೊಳಗೂ ಹುಳು ಸಾಯುವುದಿಲ್ಲ, ಅಲ್ಲಿಯೇ ಬೆಳೆದು ಹೊರಗೆ ಬರುತ್ತದೆ. ನಮ್ಮ ಕಟ್ಟಿಗೆಯಿಂದ ಎಷ್ಟು ಹೊರಬಂದವೋ, ನನಗೆ ಕಂಡದ್ದು ಎರಡು.

ಸೆಪ್ಟೆಂಬರಿನಲ್ಲಿ ಖಾಲಾ ಗೋಡೆಯ ಆಚೆಯಿಂದ ಕರೆದರು. ಅವರ ಮರದ ಬುಡದಲ್ಲಿ ಹೊಟ್ಟು ಬಿದ್ದಿತ್ತು. "ಝಾಡ್ ಕಾಟ್ ಡಾಲೋ ಬೋಲ್ರೈಂ ಬೇಟಾ," ಎಂದರು. ಮರ ಕಡಿಸಿಬಿಡಿ ಎಂದು ನೋಡಿದವರೆಲ್ಲ ಹೇಳುತ್ತಿದ್ದರಂತೆ. ಒಬ್ಬರು ಸೀಮೆಎಣ್ಣೆ ಸುರಿಯಿರಿ ಎಂದಿದ್ದರು. ಇನ್ನೊಬ್ಬರು ಎಲ್ಲಿಂದಲೋ ಒಂದಿಷ್ಟು ಔಷಧಿಯನ್ನು ತಂಪು ಪಾನೀಯದ ಬಾಟಲಿಯಲ್ಲಿ ತಂದು ಕೊಟ್ಟಿದ್ದರು. ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೆ, ನೀರಿನ ಬಾಟಲಿಗಳ ಪಕ್ಕದಲ್ಲಿಯೇ ಇತ್ತು. ಅವರ ಚಿಕ್ಕ ಮೊಮ್ಮಗನಿಗೆ ಐದು ವರ್ಷ. ಈಗ ನೆನೆದರೂ ಎದೆ ನಡುಗುತ್ತದೆ.

ಸಭೆಯಲ್ಲಿ ಕುಳಿತ ತಾಯಂದಿರು ಈ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಹಳೆಯ ಕೃಷಿ ಪುಸ್ತಿಕೆಗಳಲ್ಲಿ ಕೊರಕ ಹುಳುವಿನ ತೂತಿಗೆ ಡೈಕ್ಲೋರ್‌ವಾಸ್‌ನಲ್ಲಿ ಅದ್ದಿದ ಹತ್ತಿ ಇಡಿ ಎಂದು ಬರೆದಿರುತ್ತದೆ. ಆ ಕಾಲಕ್ಕೆ ಅದು ಸರಿಯಾದ ಸಲಹೆಯೇ ಆಗಿತ್ತು. ಆದರೆ ಕೇಂದ್ರ ಸರ್ಕಾರದ 2018ರ ಆದೇಶದಂತೆ ಡೈಕ್ಲೋರ್‌ವಾಸ್ ಮತ್ತು ಫೋರೇಟ್ ಎರಡೂ 2020ರ ಡಿಸೆಂಬರ್ 31ರಿಂದ ನಿಷೇಧವಾಗಿವೆ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ತೂತಿಗೆ ಹಾಕುವವರೂ ಇದ್ದಾರೆ. ತೇವ ತಗುಲಿದರೆ ಅದರಿಂದ ಹೊರಡುವ ವಿಷಾನಿಲಕ್ಕೆ ಪ್ರತಿವಿಷವೇ ಇಲ್ಲ. ಮನೆಗೆ ಹತ್ತಿದ ಹಿತ್ತಲಲ್ಲಿ ಅದನ್ನು ಮುಟ್ಟಲೇಬಾರದು. ಸೀಮೆಎಣ್ಣೆಯಾದರೋ ತೊಗಟೆಯ ಅಡಿಯ ಜೀವಪದರಕ್ಕೆ ತಗುಲಿ ಮರವನ್ನೇ ಸುಡುತ್ತದೆ. ಯಾವುದೇ ಔಷಧಿಯನ್ನು ಕುಡಿಯುವ ಬಾಟಲಿಗೆ ಹಾಕಬೇಡಿ, ಹಾಕಿ ಕೊಟ್ಟವರಿಂದ ತೆಗೆದುಕೊಳ್ಳಬೇಡಿ. ಖಾಲಾ ಮನೆಯ ಬಾಟಲಿಗೆ ಅಂದೇ ಚೀಟಿ ಅಂಟಿಸಿ, ಬಿಗಿಯಾಗಿ ಕಟ್ಟಿ, ತಂದುಕೊಟ್ಟವರ ಕೈಗೇ ಮರಳಿ ಕೊಟ್ಟೆವು.

ಹಾಗಾದರೆ ಏನು ಮಾಡಿದೆವು? ಕೃಷಿ ಮೇಳದಲ್ಲಿ ಹೇಳಿಕೊಟ್ಟಿದ್ದನ್ನೇ ಮಾಡಿದೆವು. ಮೊದಲು ಸಂಜೆ ಬುಡವನ್ನೂ ಕಾಂಡವನ್ನೂ ಚೊಕ್ಕಟವಾಗಿ ಗುಡಿಸಿ, ಗಟ್ಟಿ ಬ್ರಶ್ಶಿನಿಂದ ಸಡಿಲ ತೊಗಟೆ ಉಜ್ಜಿ ತೆಗೆದೆವು. ಮರುದಿನ ಬೆಳಿಗ್ಗೆ ಫಜರ್ ನಮಾಜಿನ ನಂತರ ಬ್ಯಾಟರಿ ಹಿಡಿದು ನೋಡಿದೆವು. ಕಾಂಡದಲ್ಲಿ ಐದು ತೂತು ಇದ್ದವು, ಹೊಸ ಪುಡಿ ಬಿದ್ದಿದ್ದು ನಾಲ್ಕರ ಕೆಳಗೆ. ಎಲ್ಲಿ ಪುಡಿ ತಿಳಿಬಣ್ಣದ್ದಾಗಿ ಹಸಿಯಾಗಿದೆಯೋ ಅಲ್ಲಿ ಹುಳು ಜೀವಂತವಾಗಿದೆ ಎಂದರ್ಥ. ಒಣಗಿ ಕಪ್ಪಾದ ಪುಡಿ ಇದ್ದ ತೂತು ಹಳೆಯದು. ಅದಕ್ಕೆ ಸುಮ್ಮನೆ ಕೈ ಹಾಕಿ ಗಾಯ ದೊಡ್ಡದು ಮಾಡಬಾರದು.

ಆಮೇಲೆ ತಂತಿ. ಸೈಕಲ್ಲಿನ ಬ್ರೇಕ್ ತಂತಿ ಇದಕ್ಕೆ ಒಳ್ಳೆಯದು, ಗಟ್ಟಿಯಾಗಿಯೂ ಇರುತ್ತದೆ, ಸುರಂಗ ತಿರುಗಿದ ಕಡೆ ತಿರುಗುತ್ತದೆ. ತುದಿಯನ್ನು ಗಾಳದಂತೆ ಸ್ವಲ್ಪ ಬಾಗಿಸಬೇಕು. ತೂತಿನ ಬಾಯಿಯ ಪುಡಿಯನ್ನು ಚಾಕುವಿನಿಂದ ಬಿಡಿಸಿ, ತಂತಿಯನ್ನು ತಿರುಗಿಸುತ್ತ ಮೆಲ್ಲನೆ ಒಳಗೆ ಬಿಡಬೇಕು. ಸುರಂಗ ಹೆಚ್ಚಾಗಿ ಮೇಲ್ಮುಖವಾಗಿರುತ್ತದೆ. ಮೆತ್ತಗಿನದೇನೋ ತಗುಲಿದಂತಾದರೆ ತಿವಿದು ಎಳೆಯಬೇಕು. ಹುಳು ಪೂರ್ತಿ ಬಂದರೂ ಸರಿ, ತಂತಿಯ ತುದಿಗೆ ಬಿಳಿಯ ರಸ ಹತ್ತಿ ಬಂದರೂ ಸರಿ, ಕೆಲಸ ಆಯಿತು. ಮೊದಲ ದಿನ ನಮಗೆ ಎರಡು ಸಿಕ್ಕವು. ಖಾಲಾ ಅವರ ದೊಡ್ಡ ಮೊಮ್ಮಗ, ಹತ್ತನೆಯ ತರಗತಿಯ ಹುಡುಗ, ನನಗಿಂತ ಚುರುಕಾಗಿ ತೆಗೆದ.

ಹುಳು ತೆಗೆದ ತೂತನ್ನು ಹದವಾಗಿ ಕಲಸಿದ ಜಿಗುಟು ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿ, ಪ್ರತಿ ಬೆಳಿಗ್ಗೆ ನೋಡಿದೆವು. ಇದು ಬಹಳ ಮುಖ್ಯ. ಒಳಗೆ ಇನ್ನೊಂದು ಹುಳು ಉಳಿದಿದ್ದರೆ ಮಣ್ಣನ್ನು ನೂಕಿ ಮತ್ತೆ ಪುಡಿ ಹೊರಹಾಕುತ್ತದೆ. ಹಾಗೆ ಎರಡು ತೂತುಗಳ ಮಣ್ಣು ಬಿದ್ದುಹೋಯಿತು, ಮತ್ತೆ ತಂತಿ ಹಾಕಿದೆವು. ಒಟ್ಟು ಮೂರು ವಾರ ಹಿಡಿಯಿತು, ಆರು ಹುಳು ಸಿಕ್ಕವು. ಅದಾದ ಮೇಲೆ ಪುಡಿ ಬೀಳಲಿಲ್ಲ. ತಂತಿ ಮುಟ್ಟದಷ್ಟು ಆಳಕ್ಕೆ ಹುಳು ಹೋಗಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಕೇಳಿರಿ. ಔಷಧಿಗಳ ಅನುಮತಿ ವರ್ಷ ವರ್ಷ ಬದಲಾಗುವುದರಿಂದ ನಾನು ಇಲ್ಲಿ ಹೆಸರು ಹೇಳುವುದಿಲ್ಲ. ಕಾಂಡದ ತೊಗಟೆ ಸುತ್ತಲೂ ಸತ್ತುಹೋಗಿದ್ದರೆ ಮಾತ್ರ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಕಡಿಸಬೇಕು, ಕಡಿಸಿದ್ದನ್ನು ಒಟ್ಟಿಡದೆ ಸೀಳಿ ಸುಟ್ಟುಬಿಡಬೇಕು. ನಮ್ಮ ಒಟ್ಟಲನ್ನು ನಾನು ಸುಟ್ಟದ್ದು ಖಾಲಾ ಮರಕ್ಕೆ ಹುಳು ಬಿದ್ದ ಮೇಲೆ.

ಕೊನೆಗೆ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿದೆವು. ಮನೆಯಲ್ಲಿಯೇ ಮಾಡಬಹುದು. 100 ಗ್ರಾಂ ಮೈಲುತುತ್ತವನ್ನು, ಅದೇ ನಮ್ಮ ನೀಲಾ ಥೋಥಾ, ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆಯಾಗಿ ಕದಡಿ. ಆಮೇಲೆ ಎರಡನ್ನೂ ಕೂಡಿಸಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಿರಬೇಕು, ಕಬ್ಬಿಣದ್ದು ಆಗದು. ಹದ ನೋಡಲು ಹಳೆಯ ಚಾಕುವೊಂದನ್ನು ಅದ್ದಿ ಹಿಡಿಯಿರಿ. ಚಾಕುವಿನ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು ಎಂದರ್ಥ. ಮೈಲುತುತ್ತವೂ ವಿಷವೇ, ಮಕ್ಕಳ ಕೈಗೆ ಸಿಗದಂತೆ ಇಡಿ. ಈ ಮುಲಾಮನ್ನು ಕಲಸಿ ಮರಕ್ಕೆ ಬಳಿದಾಗ ನನ್ನ ಕೈ ಅಲ್ಲಿಯೇ ನಿಂತಿತು. ಬಿಳಿ ಮಿಶ್ರಿತ ನೀಲಿ. ಅಬ್ಬಾ ವರ್ಷ ವರ್ಷ ಬಳಿಯುತ್ತಿದ್ದದ್ದು ಇದನ್ನೇ.

ಅಷ್ಟೇ ಅಲ್ಲ. ಮನೆಗೆ ಬಂದು ಅಮ್ಮಿಗೆ ಹೇಳಿದಾಗ ಅವರು ಹಿಂಬಾಗಿಲ ಮಾಡಿನ ಸಂದಿಗೆ ಕೈ ಹಾಕಿ ಒಂದು ಸೈಕಲ್ ಕಡ್ಡಿ ತೆಗೆದರು. ತುದಿ ಗಾಳದಂತೆ ಬಾಗಿತ್ತು. "ಇದನ್ನು ಯಾತಕ್ಕೆ ಇಟ್ಟಿದ್ದರೋ, ಎಸೆಯಬೇಡ ಎನ್ನುತ್ತಿದ್ದರು," ಎಂದರು. ಅಬ್ಬಾ ಹೆಚ್ಚು ಓದಿದವರಲ್ಲ. ಹುಳುವಿನ ಶಾಸ್ತ್ರೀಯ ಹೆಸರು ಅವರಿಗೆ ಗೊತ್ತಿರಲಿಲ್ಲ. ನಾನು ಬಿ.ಎಡ್. ಮಾಡಿದೆ, ಎರಡು ಭಾಷೆ ಕಲಿಸುತ್ತೇನೆ, ಆದರೆ ಆ ಕಡ್ಡಿ ಯಾತಕ್ಕೆ ಎಂದು ಅವರು ಇದ್ದಾಗ ಒಂದು ದಿನವೂ ಕೇಳಲಿಲ್ಲ. ಮುಸಲ್ಮಾನನೊಬ್ಬ ನೆಟ್ಟ ಮರದಿಂದ ಹಕ್ಕಿಯಾಗಲಿ, ಪಶುವಾಗಲಿ, ಮನುಷ್ಯನಾಗಲಿ ತಿಂದರೆ ಅದು ನೆಟ್ಟವನ ಸದಕಾ ಎಂಬ ಅರ್ಥದ ಹದೀಸ್ ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿದೆ. ಲೆಕ್ಕವೆಲ್ಲ ಅಲ್ಲಾಹನ ಬಳಿ ಇದೆ. ಆದರೆ ಹಣ್ಣಿನ ಕಾಲ ಬಂದು ಮದ್ರಸಾದ ಮಕ್ಕಳು "ಈ ಸಲ ಆಪೂಸು ಇಲ್ಲವೇ?" ಎಂದು ಕೇಳಿದರೆ ನಾನು ಮುಖ ತಿರುಗಿಸುತ್ತೇನೆ.

ತೆಂಗಿನ ಮರ ಇರುವವರು ನಮ್ಮದೇನು ಎಂದು ಕೇಳಬಹುದು. ತೆಂಗಿಗೆ ಮುಖ್ಯವಾಗಿ ಇಬ್ಬರು ಶತ್ರುಗಳು. ಒಂದು, ಸುಳಿ ಕೊರೆಯುವ ಕಪ್ಪು ಕೊಂಬಿನ ದುಂಬಿ. ಅದು ತಿಂದ ಸುಳಿ ಬಿಚ್ಚಿಕೊಂಡಾಗ ಗರಿಯನ್ನು ಕತ್ತರಿಯಿಂದ ಮೂಲೆ ಮೂಲೆಯಾಗಿ ಕತ್ತರಿಸಿದಂತೆ ಕಾಣುತ್ತದೆ. ಅದರ ಮರಿಗಳು ಬೆಳೆಯುವುದು ತಿಪ್ಪೆಯಲ್ಲಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ, ಆದ್ದರಿಂದ ತಿಪ್ಪೆಯನ್ನು ಆಗಾಗ ಮಗುಚಿ ಬಿಳಿ ಹುಳುಗಳನ್ನು ಆರಿಸಬೇಕು. ಬೇವಿನ ಹಿಂಡಿಯನ್ನು ಅಷ್ಟೇ ಮರಳಿನ ಜೊತೆ ಬೆರೆಸಿ ಸುಳಿಯ ಸುತ್ತಲಿನ ಗರಿಗಳ ಕಂಕುಳಿಗೆ ತುಂಬುವುದು ಒಳ್ಳೆಯ ರೂಢಿ. ಇನ್ನೊಂದು ಕೆಂಪು ಮೂತಿ ಹುಳು. ಇದು ಗಾಯದ ವಾಸನೆಗೆ ಬರುತ್ತದೆ. ಮರ ಹತ್ತಲು ಕಾಂಡಕ್ಕೆ ಕಚ್ಚು ಹಾಕುವುದು, ಹಸಿ ಗರಿಯನ್ನು ಬುಡಕ್ಕೆ ಹತ್ತಿ ಕಡಿಯುವುದು ಇದಕ್ಕೆ ಬಾಗಿಲು ತೆರೆದಂತೆ. ಗರಿ ಕಡಿಯಲೇಬೇಕಾದರೆ ನಾಲ್ಕು ಅಡಿ ಬಿಟ್ಟು ಕಡಿಯಿರಿ. ಕಾಂಡಕ್ಕೆ ಕಿವಿಯಿಟ್ಟರೆ ಒಳಗೆ ಕರಕರ ಕಡಿಯುವ ಸದ್ದು ಕೇಳುವುದೂ ಉಂಟು. ಸದ್ದು ಕೇಳಿದರೆ ತಡ ಮಾಡದೆ ತಿಳಿದವರನ್ನು ಕರೆಯಿರಿ.

ನಮ್ಮ ಶಾಲೆಯ ಅಂಗಳದ ಮರಗಳ ಬಗ್ಗೆಯೂ ಒಂದು ಮಾತು. ಸಂಘದ ಹಿರಿಯರು ಬೇಸರ ಮಾಡಿಕೊಳ್ಳಬಾರದು. ಫಲಕ ತೂಗುಹಾಕಲು ಹಲಸಿನ ಮರಕ್ಕೆ ಮೊಳೆ ಹೊಡೆದಿದ್ದೇವೆ, ನಾನೇ ಎಣಿಸಿದೆ, ಒಂಬತ್ತು. ಕಸವನ್ನು ಅದರ ಬುಡದಲ್ಲಿಯೇ ಸುಡುತ್ತೇವೆ. ಕೊರಕ ಹುಳುವಿಗೆ ಗಾಯಗೊಂಡ, ಬಳಲಿದ ಮರ ಎಂದರೆ ಸುಲಭದ ತುತ್ತು. ಫಲಕಕ್ಕೆ ಹಗ್ಗ ಸಾಕು. ಬಕ್ರೀದಿನ ಹೋತಕ್ಕೆ ನೆಲದಲ್ಲಿ ಗೂಟ ಹೊಡೆದರೆ ಸಾಕು. ಹಾಗೆಯೇ ಮರಕುಟಿಗ ಬಂದು ಕುಟ್ಟಿದರೆ ಕಲ್ಲು ಹೊಡೆಯಬೇಡಿ. ಅದು ಹುಳುವನ್ನು ಹುಡುಕಿ ತಿನ್ನಲು ಬಂದಿರುತ್ತದೆ, ನಿಮ್ಮ ಮರದಲ್ಲಿ ಹುಳು ಇದೆ ಎಂದು ನಿಮಗೆ ಹೇಳುತ್ತಿರುತ್ತದೆ. ನಮ್ಮಲ್ಲಿ ಕೆಲವರು ಇದನ್ನೇ ಹುದ್‌ಹುದ್ ಎಂದು ಕರೆಯುತ್ತಾರೆ. ಹುದ್‌ಹುದ್ ಬೇರೆ, ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟಿರುವ ಹಕ್ಕಿ. ಪರೀಕ್ಷೆಯಲ್ಲಿ ತಪ್ಪು ಬರೆಯಬೇಡಿ.

ಖಾಲಾ ಮರ 2025ರ ಮೇ ತಿಂಗಳಲ್ಲಿ ಕಾಯಿ ಬಿಟ್ಟಿತು. ಹಿಂದಿನಷ್ಟು ಇಲ್ಲ, ಅರ್ಧದಷ್ಟು. ಪುಸ್ತಕಕ್ಕೆ ಆಯಿತು, ಸಮವಸ್ತ್ರವನ್ನು ಅವರೇ ಹೊಲಿದರು. ಆ ಬುಟ್ಟಿಯಿಂದ ಆರು ಹಣ್ಣು ನಮ್ಮ ಮನೆಗೂ ಬಂದಾಗ ನನಗೆ ತಡೆಯಲಾಗಲಿಲ್ಲ. ನಮ್ಮ ಕಟ್ಟಿಗೆಯಿಂದಲೇ ದುಂಬಿ ನಿಮ್ಮ ಮರಕ್ಕೆ ಬಂದಿರಬೇಕು, ಮಾಫ್ ಮಾಡಿ ಎಂದು ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹುಳಕ್ಕೇನು ಗೊತ್ತು ಬೇಟಾ, ಯಾರ ಹಿತ್ತಲು ಅಂತ. ಬರುವ ಮಳೆಗೆ ಮುಂಚೆ ಬಂದು ಬುಡಕ್ಕೆ ಬಳಿದು ಹೋಗು," ಎಂದರು. ಮಳೆಗೆ ಮುಂಚೆ ಹೋಗಿ ಬಳಿದು ಬಂದೆ. ನಮ್ಮ ಹಿತ್ತಲಲ್ಲಿಯೂ ಒಂದು ಕಸಿ ಸಸಿ ನೆಟ್ಟಿದ್ದೇವೆ, ಈಗ ನನ್ನ ಸೊಂಟದೆತ್ತರ ಇದೆ.

ಸೈಕಲ್ ಅಂಗಡಿಯವರು ಹಳೆಯ ಬ್ರೇಕ್ ತಂತಿಗಳನ್ನು ಪುಕ್ಕಟೆಯಾಗಿ ಕೊಟ್ಟಿದ್ದಾರೆ. ತುಂಡು ಮಾಡಿ, ತುದಿ ಬಾಗಿಸಿ, ನಲವತ್ತು ಕಟ್ಟಿ ತಂದಿದ್ದೇನೆ. ಬಾಗಿಲ ಬಳಿಯ ಮೇಜಿನ ಮೇಲೆ ಇವೆ. ಹಿತ್ತಲಲ್ಲಿ ಮರ ಇರುವವರು ಮನೆಗೆ ಒಂದರಂತೆ ತೆಗೆದುಕೊಂಡು ಹೋಗಿ. ತುದಿ ಚೂಪಾಗಿದೆ, ಚಿಕ್ಕ ಮಕ್ಕಳು ಅಪ್ಪ ಅಮ್ಮಂದಿರ ಕೈಗೆ ಕೊಡಿ.